ಬಿಲ್ಲಿಂಗ್ ತಂಡಕ್ಕೆ ಬೇಕಾದದ್ದು ಉತ್ತರ, ಕಾವಲಲ್ಲ

ಅಮೆರಿಕದ ಓಹಾಯೊ ರಾಜ್ಯದ ಒಂದು ಊರಿನಲ್ಲಿ ಮೂವರು ವೈದ್ಯರು ಸೇರಿ ಒಂದು ಕ್ಲಿನಿಕ್ ನಡೆಸುತ್ತಾರೆ ಎಂದಿಟ್ಟುಕೊಳ್ಳೋಣ. ಸಕ್ಕರೆ ಕಾಯಿಲೆಯ ರೋಗಿಯೊಬ್ಬರು ಬರುತ್ತಾರೆ. ವೈದ್ಯರು ಅವರನ್ನು ಪರೀಕ್ಷಿಸಿ ಔಷಧದ ಪ್ರಮಾಣ ಬದಲಿಸುತ್ತಾರೆ. ಅದೇ ಭೇಟಿಯಲ್ಲಿ ಕೈಮೇಲಿದ್ದ ನರಹುಲಿಯೊಂದನ್ನು ತೆಗೆದೂ ಕೊಡುತ್ತಾರೆ. ರೋಗಿ ಮನೆಗೆ ಹೋದ ಮೇಲೆ ಆ ಭೇಟಿಯ ಟಿಪ್ಪಣಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಒಬ್ಬ ಕೋಡರ್ ಮುಂದೆ ತೆರೆದುಕೊಳ್ಳುತ್ತದೆ. ಆಕೆ ಅದನ್ನು ಓದಿ ಕಾಯಿಲೆಗೆ ಐಸಿಡಿ-10 ಕೋಡನ್ನೂ ಚಿಕಿತ್ಸೆಗೆ ಸಿಪಿಟಿ ಕೋಡನ್ನೂ ಹಾಕುತ್ತಾಳೆ. ಚಾರ್ಜ್ ಎಂಟ್ರಿ ಮಾಡುವವರು ಅದನ್ನು ಕ್ಲೈಮ್ ರೂಪಕ್ಕೆ ತರುತ್ತಾರೆ. ಕ್ಲೈಮ್ ಕ್ಲಿಯರಿಂಗ್‌ಹೌಸ್ ಎಂಬ ಮಧ್ಯವರ್ತಿ ಸಂಸ್ಥೆಯನ್ನು ದಾಟಿ ವಿಮಾ ಕಂಪನಿಗೆ ಹೋಗುತ್ತದೆ. ಹಣ ಬಂದರೆ ಪೇಮೆಂಟ್ ಪೋಸ್ಟಿಂಗ್‌ನವರು ಲೆಕ್ಕಕ್ಕೆ ಏರಿಸುತ್ತಾರೆ. ಬಾರದಿದ್ದರೆ ಎಆರ್ ಕಾಲರ್ ವಿಮಾ ಕಂಪನಿಗೆ ಫೋನು ಹಚ್ಚಿ ಯಾಕೆ ಬರಲಿಲ್ಲ ಎಂದು ವಿಚಾರಿಸುತ್ತಾನೆ. ರೋಗಿಗೆ ಇವರಲ್ಲಿ ಒಬ್ಬರ ಮುಖವೂ ಗೊತ್ತಿಲ್ಲ. ಆದರೆ ಆ ರೋಗಿಯ ಮನೆಗೆ ಎಷ್ಟು ಡಾಲರಿನ ಬಿಲ್ಲು ಹೋಗುತ್ತದೆ ಎಂಬುದು ಇವರ ಕೆಲಸವನ್ನೇ ಅವಲಂಬಿಸಿದೆ.

ಕರ್ನಾಟಕಕ್ಕೆ ಇದು ಹೊಸ ಕಸುಬಲ್ಲ. 1990ರ ದಶಕದಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ರೂಪದಲ್ಲಿ ಬೆಂಗಳೂರಿಗೆ ಬಂದ ಅಮೆರಿಕದ ಆಸ್ಪತ್ರೆಗಳ ಕಚೇರಿ ಕೆಲಸ ಮುಂದೆ ಬಿಲ್ಲಿಂಗ್ ಮತ್ತು ಕೋಡಿಂಗ್‌ಗೆ ಹಬ್ಬಿತು. ಬಿಎಸ್ಸಿ, ಬಿ.ಫಾರ್ಮ, ನರ್ಸಿಂಗ್, ಬಿಕಾಂ ಓದಿದ ಸಾವಿರಾರು ಹುಡುಗ ಹುಡುಗಿಯರ ಮೊದಲ ಸಂಬಳ ಇಲ್ಲಿಂದಲೇ ಬಂದಿದೆ. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-10ಕ್ಕೆ ಬದಲಾದಾಗ ಕಾಯಿಲೆಯ ಕೋಡುಗಳ ಸಂಖ್ಯೆ ಸುಮಾರು 13 ಸಾವಿರದಿಂದ 68 ಸಾವಿರಕ್ಕೆ ಏರಿತು. ತರಬೇತಿ ಪಡೆದ ಕೋಡರುಗಳ ಅಗತ್ಯ ಅದರೊಂದಿಗೆ ಹೆಚ್ಚಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕಂಪ್ಯೂಟರುಗಳು ಆಫೀಸಿನಿಂದ ಮನೆಗಳಿಗೆ ಹೋದವು. ಅಂದಿನಿಂದ ಕ್ಲಿನಿಕ್ಕಿಗೆ ಮಾತ್ರವಲ್ಲ, ಇಲ್ಲಿನ ಟೀಮ್ ಲೀಡಿಗೂ ತಂಡ ದೂರದ್ದೇ ಆಯಿತು.

ಕಣ್ಣೆದುರು ಇಲ್ಲದವರಿಂದ ಕೆಲಸ ಮಾಡಿಸುವುದು ಹೇಗೆ? ಬಹಳಷ್ಟು ಮ್ಯಾನೇಜರುಗಳು ಹಿಡಿದಿರುವ ದಾರಿ ಎರಡು: ಎಣಿಸುವುದು ಮತ್ತು ಕಾಯುವುದು. ಗಂಟೆಗೆ ಎಷ್ಟು ಚಾರ್ಟ್ ಕೋಡ್ ಆಯಿತು, ಶಿಫ್ಟಿಗೆ ಎಷ್ಟು ಕ್ಲೈಮ್ ಮುಟ್ಟಿದ್ದಾಯಿತು, ಎಷ್ಟು ಕಾಲ್ ಹೋಯಿತು ಎಂಬ ಟಾರ್ಗೆಟ್ ಒಂದು ಕಡೆ. ಆಗಾಗ ಸ್ಕ್ರೀನ್‌ಶಾಟ್ ತೆಗೆಯುವ, ಮೌಸ್ ಅಲುಗದ ನಿಮಿಷಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್ ಇನ್ನೊಂದು ಕಡೆ. ಈ ಎರಡೂ ಮುಖ್ಯ ರೋಗವನ್ನು ಮುಟ್ಟುವುದಿಲ್ಲ ಎಂಬುದು ನನ್ನ ವಾದ. ಇಲ್ಲಿನ ಕೋಡರ್ ಕೇಳಿದ ಪ್ರಶ್ನೆಗೆ ಅಲ್ಲಿನ ವೈದ್ಯರಿಂದ ಉತ್ತರ ಬಾರದಿದ್ದಾಗ ಬಿಲ್ಲಿಂಗ್ ಕೆಡುತ್ತದೆ. ಕ್ಲೈಮ್ ಡಿನೈ ಆದ ಕಾರಣ ಅದಕ್ಕೆ ಮೂಲವಾದವರಿಗೆ ತಿಳಿಯದೆ ಹೋದಾಗ ಮತ್ತೆ ಕೆಡುತ್ತದೆ. ದೂರದ ತಂಡವನ್ನು ನಡೆಸುವುದು ಎಂದರೆ ಮೊದಲಿಗೆ ಈ ಹೋಗುಬರುವ ದಾರಿಯನ್ನು ತೆರೆದಿಡುವುದು. ಎಣಿಕೆ, ಕಾವಲುಗಳ ಸ್ಥಾನ ಅದರ ನಂತರದ್ದು.

ಕ್ಲೈಮ್ ತಿರಸ್ಕೃತವಾಗಿ ಬರುವುದು ಬಿಲ್ಲಿಂಗ್ ತಂಡದ ಮೇಜಿಗೆ. ಹಾಗಾಗಿ ತಪ್ಪು ಅಲ್ಲೇ ಆಯಿತು ಎಂದು ತಿಳಿಯುವುದು ಸುಲಭ. ಆದರೆ ಡಿನೈಯಲ್‌ಗಳ ಹುಟ್ಟನ್ನು ಹುಡುಕಿಕೊಂಡು ಹೋದರೆ ಬೇರೆಯದೇ ಚಿತ್ರ ಸಿಗುತ್ತದೆ. ರೋಗಿಯ ವಿಮಾ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿದ್ದು ಕ್ಲಿನಿಕ್ಕಿನ ಫ್ರಂಟ್ ಡೆಸ್ಕಿನಲ್ಲಿ. ಪಾಲಿಸಿ ಹೋದ ತಿಂಗಳೇ ಮುಗಿದಿದೆಯೇ ಎಂದು ಎಲಿಜಿಬಿಲಿಟಿ ನೋಡದೆ ಇದ್ದದ್ದೂ ಅಲ್ಲೇ. ಎಂಆರ್‌ಐ ಮಾಡಿಸುವ ಮೊದಲು ವಿಮಾ ಕಂಪನಿಯ ಪ್ರಯರ್ ಆಥರೈಸೇಶನ್ ಪಡೆಯದೆ ಹೋದದ್ದು ಅಪಾಯಿಂಟ್‌ಮೆಂಟ್ ಕೊಟ್ಟ ಹೊತ್ತಿನಲ್ಲಿ. ಚಿಕಿತ್ಸೆಗೆ ವೈದ್ಯಕೀಯ ಅಗತ್ಯ ಏನಿತ್ತು ಎಂದು ಸ್ಪಷ್ಟವಾಗದೆ ಉಳಿದದ್ದು ವೈದ್ಯರ ಟಿಪ್ಪಣಿಯಲ್ಲಿ. ಕೋಡರ್ ಮಾಡುವ ತಪ್ಪುಗಳೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೇಲೆ ಹೇಳಿದ ನಾಲ್ಕರಲ್ಲಿ ಒಂದನ್ನೂ ಮೈಸೂರಿನಲ್ಲಿ ಕೂತವರು ತಮ್ಮಷ್ಟಕ್ಕೆ ತಡೆಯಲಾರರು. ಅವರ ಮೌಸಿನ ಮೇಲೆ ಎಷ್ಟೇ ಕಣ್ಣಿಟ್ಟರೂ ಓಹಾಯೊದ ಫ್ರಂಟ್ ಡೆಸ್ಕ್ ಸರಿಹೋಗುವುದಿಲ್ಲ.

ಮೊದಲು ಹೇಳಿದ ನರಹುಲಿಯ ರೋಗಿಯನ್ನೇ ತೆಗೆದುಕೊಳ್ಳಿ. ಒಂದೇ ದಿನ ಸಣ್ಣ ಶಸ್ತ್ರಕ್ರಿಯೆಯೂ ಅದಕ್ಕೆ ಸಂಬಂಧಿಸದ ಪ್ರತ್ಯೇಕ ತಪಾಸಣೆಯೂ ನಡೆದಿದ್ದರೆ ತಪಾಸಣೆಯ ಕೋಡಿಗೆ 25 ಎಂಬ ಮಾಡಿಫೈಯರ್ ಸೇರಿಸಬೇಕು. ಸೇರಿಸದಿದ್ದರೆ ತಪಾಸಣೆಯ ಶುಲ್ಕ ಶಸ್ತ್ರಕ್ರಿಯೆಯಲ್ಲೇ ಸೇರಿಹೋಯಿತು ಎಂದು ವಿಮಾ ಕಂಪನಿ ಹಣ ಕೊಡುವುದಿಲ್ಲ. ಸಿಓ-97 ಎಂಬ ಕಾರಣ ಬರೆದು ಕಳಿಸುತ್ತದೆ. ಹಾಗೆಂದು ಕೋಡರ್ ಕಣ್ಣುಮುಚ್ಚಿ 25 ಸೇರಿಸುವಂತಿಲ್ಲ. ಪ್ರತ್ಯೇಕ ತಪಾಸಣೆ ನಿಜಕ್ಕೂ ನಡೆಯಿತು ಎಂದು ವೈದ್ಯರ ಟಿಪ್ಪಣಿ ತೋರಿಸಬೇಕು. ಅದು ತೋರಿಸದಿದ್ದರೂ ಸೇರಿಸಿದರೆ ನಡೆದದ್ದಕ್ಕಿಂತ ಹೆಚ್ಚು ಹಣ ಕೇಳಿದಂತೆ. ಮೆಡಿಕೇರ್‌ನಂಥ ಸರ್ಕಾರಿ ವಿಮೆಯಲ್ಲಿ ತಿಳಿದೂ ತಿಳಿದು ಹೀಗೆ ಮಾಡುವವರ ಮೇಲೆ ಫಾಲ್ಸ್ ಕ್ಲೈಮ್ಸ್ ಆ್ಯಕ್ಟ್ ಬೀಳುತ್ತದೆ. ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ ಬಂದ ಈ ಕಾನೂನು ಇಂದು ಮೂರು ಪಟ್ಟು ನಷ್ಟ ವಸೂಲಿಗೆ ಅವಕಾಶ ಕೊಡುತ್ತದೆ.

ಟಿಪ್ಪಣಿ ಅಸ್ಪಷ್ಟವಾಗಿದ್ದಾಗ ಕೋಡರ್ ಮಾಡಬೇಕಾದದ್ದು ಒಂದೇ: ವೈದ್ಯರನ್ನು ಕೇಳುವುದು. ಈಗ ಆಕೆಯ ಪರಿಸ್ಥಿತಿ ನೋಡಿ. ಪ್ರಶ್ನೆ ಕಳಿಸಿದರೆ ಉತ್ತರ ಎರಡು ವಾರವಾದರೂ ಬರುವುದಿಲ್ಲ. ಅಷ್ಟರಲ್ಲಿ ಆ ಚಾರ್ಟ್ ಬಾಕಿ ಉಳಿದವುಗಳ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಕೂತಿರುತ್ತದೆ. ಗಂಟೆಗೆ ಇಷ್ಟು ಎಂಬ ಟಾರ್ಗೆಟ್ ತಲೆಯ ಮೇಲಿದೆ. ಆಗ ಎರಡು ಅಡ್ಡದಾರಿಗಳು ಕಾಣುತ್ತವೆ: ಮಾಡಿಫೈಯರ್ ಹಾಕಿ ಕಳಿಸಿಬಿಡುವುದು, ಇಲ್ಲವೇ ತಪಾಸಣೆಯ ಕೋಡನ್ನೇ ಬಿಟ್ಟುಬಿಡುವುದು. ಮೊದಲನೆಯದರಲ್ಲಿ ಕ್ಲಿನಿಕ್ಕಿಗೆ ಕಾನೂನಿನ ಅಪಾಯ, ಎರಡನೆಯದರಲ್ಲಿ ನ್ಯಾಯವಾಗಿ ಬರಬೇಕಾದ ಹಣದ ನಷ್ಟ. ಎರಡರಲ್ಲಿ ಯಾವುದನ್ನು ಆಯ್ದುಕೊಂಡರೂ ಆ ದಿನದ ಎಣಿಕೆ ಚೆನ್ನಾಗಿಯೇ ಕಾಣುತ್ತದೆ. ಪ್ರಶ್ನೆ ಕೇಳಿದವಳಿಗೆ ದಂಡ, ಊಹಿಸಿದವಳಿಗೆ ಶಾಭಾಸ್ ಎನ್ನುವ ವ್ಯವಸ್ಥೆಯನ್ನು ಕಟ್ಟಿದವರು ಕೋಡರ್ ಅಲ್ಲ. ಅಂಥ ಅಳತೆಗೋಲನ್ನು ಆರಿಸಿಕೊಂಡ ಮ್ಯಾನೇಜರ್, ಉತ್ತರ ಕೊಡದ ವೈದ್ಯರು ಇಬ್ಬರೂ ಅದಕ್ಕೆ ಹೊಣೆ.

ರೋಗಿಯ ಪಾಲಿಗೆ ಇದರ ಬೆಲೆ ಎಷ್ಟು ಎಂಬುದನ್ನು ತಿಳಿಯಲು ಪೇಮೆಂಟ್ ಪೋಸ್ಟಿಂಗ್‌ನ ಒಂದು ಸಣ್ಣ ವಿವರ ಸಾಕು. ವಿಮಾ ಕಂಪನಿ ಕಡಿತಗೊಳಿಸಿದ ಪ್ರತಿ ಮೊತ್ತದ ಮುಂದೆ ಎರಡು ಅಕ್ಷರಗಳ ಗುಂಪು ಕೋಡ್ ಇರುತ್ತದೆ. ಸಿಓ ಎಂದಿದ್ದರೆ ಅದು ಕ್ಲಿನಿಕ್ಕು ಮತ್ತು ವಿಮಾ ಕಂಪನಿಯ ಒಪ್ಪಂದಕ್ಕೆ ಸೇರಿದ್ದು; ರೋಗಿಯಿಂದ ಕೇಳುವಂತಿಲ್ಲ. ಪಿಆರ್ ಎಂದಿದ್ದರೆ ಡಿಡಕ್ಟಿಬಲ್, ಕೋಪೇಯಂತೆ ರೋಗಿಯೇ ಕೊಡಬೇಕಾದದ್ದು. ಅವಸರದಲ್ಲಿ ಇದು ಅದಲುಬದಲಾದರೆ ಕೊಡಬೇಕಿಲ್ಲದ ಹಣಕ್ಕೆ ರೋಗಿಯ ಮನೆಗೆ ಬಿಲ್ಲು ಹೋಗುತ್ತದೆ. ಕಟ್ಟದಿದ್ದರೆ ಅದು ವಸೂಲಿ ಏಜೆನ್ಸಿಯ ಕೈಸೇರುತ್ತದೆ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯಾದ ಸಿಎಫ್‌ಪಿಬಿ 2022ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಂತೆ ಅಲ್ಲಿನ ಜನರ ಕ್ರೆಡಿಟ್ ದಾಖಲೆಗಳಲ್ಲಿ ಸುಮಾರು 8,800 ಕೋಟಿ ಡಾಲರುಗಳಷ್ಟು ವೈದ್ಯಕೀಯ ಸಾಲ ನಮೂದಾಗಿತ್ತು. ಅದರಲ್ಲಿ ಬಹುಭಾಗಕ್ಕೆ ಆ ದೇಶದ ವಿಮಾ ವ್ಯವಸ್ಥೆಯೇ ಕಾರಣ, ಬಿಲ್ಲಿಂಗ್ ತಂಡಗಳಲ್ಲ. ಆದರೆ ತಪ್ಪು ಬಿಲ್ಲು ಒಂದು ಸಂಸಾರದ ಹೆಗಲಿಗೆ ಏರದಂತೆ ತಡೆಯುವ ಕೊನೆಯ ಜಾಗ ಈ ಮೇಜೇ. ಅಲ್ಲಿ ಕೂತವರಿಗೆ ಎರಡು ನಿಮಿಷ ಯೋಚಿಸುವ ಅವಕಾಶ ಇರಬೇಕು.

ಕಾವಲು ಬೇಡ ಎಂಬ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪ ಇದೆ. ರೋಗಿಗಳ ಗುಟ್ಟಿನ ದಾಖಲೆಗಳು ಮನೆಯ ಕೋಣೆಯೊಂದರಲ್ಲಿ ತೆರೆದುಕೊಳ್ಳುವಾಗ ಕಾವಲಿಲ್ಲದೆ ಬಿಡುವುದು ಹೇಗೆ? ರೋಗಿಗಳ ಮಾಹಿತಿಯನ್ನು ಕಾಯುವ ಅಮೆರಿಕದ 1996ರ ಹಿಪಾ ಕಾನೂನು ಇದನ್ನು ಹಗುರವಾಗಿ ನೋಡುವುದಿಲ್ಲ. 2013ರ ತಿದ್ದುಪಡಿಯ ನಂತರ ಉಪಗುತ್ತಿಗೆದಾರರೂ ಅದರ ಹಿಡಿತಕ್ಕೆ ಬಂದಿದ್ದಾರೆ. ಆಕ್ಷೇಪದ ಹಿಂದಿನ ಕಾಳಜಿ ಸರಿ; ಅದಕ್ಕೆ ಸೂಚಿಸುವ ಮದ್ದು ಮಾತ್ರ ಸರಿಯಲ್ಲ. ಮಾಹಿತಿಯ ಭದ್ರತೆ ಬೇರೆ, ಮನುಷ್ಯರ ಮೇಲಿನ ಕಾವಲು ಬೇರೆ. ಈ ಕ್ಷೇತ್ರ ಕಂಡ ಎರಡು ಘಟನೆಗಳು ಇದನ್ನು ಸ್ಪಷ್ಟ ಮಾಡುತ್ತವೆ.

ಮೊದಲನೆಯದು 2024ರ ಫೆಬ್ರವರಿಯದು. ಅಮೆರಿಕದ ಅತಿ ದೊಡ್ಡ ಕ್ಲಿಯರಿಂಗ್‌ಹೌಸ್‌ಗಳಲ್ಲಿ ಒಂದಾದ ಚೇಂಜ್ ಹೆಲ್ತ್‌ಕೇರ್ ಮೇಲೆ ಸೈಬರ್ ದಾಳಿ ನಡೆದು ದೇಶದುದ್ದಕ್ಕೂ ಕ್ಲೈಮುಗಳು ವಾರಗಟ್ಟಲೆ ನಿಂತುಹೋದವು. ಸಣ್ಣ ಕ್ಲಿನಿಕ್ಕುಗಳು ಸಿಬ್ಬಂದಿಗೆ ಸಂಬಳ ಕೊಡಲು ಪರದಾಡಿದವು. ಸುಮಾರು 19 ಕೋಟಿ ಜನರ ಮಾಹಿತಿ ಇದರಲ್ಲಿ ಸಿಲುಕಿತು. ಮಾತೃಸಂಸ್ಥೆ ಯುನೈಟೆಡ್‌ಹೆಲ್ತ್‌ನ ಮುಖ್ಯಸ್ಥರಾಗಿದ್ದ ಆ್ಯಂಡ್ರೂ ವಿಟಿ ಅಮೆರಿಕದ ಸಂಸತ್ತಿನ ಮುಂದೆ ಎರಡು ಸಂಗತಿ ಒಪ್ಪಿಕೊಂಡರು: 2.2 ಕೋಟಿ ಡಾಲರ್ ಒತ್ತೆಹಣ ಕೊಟ್ಟದ್ದು, ಮತ್ತು ದಾಳಿಕೋರರು ನುಗ್ಗಿದ ರಿಮೋಟ್ ಪೋರ್ಟಲ್‌ಗೆ ಎರಡನೇ ಹಂತದ ದೃಢೀಕರಣವೇ ಇಲ್ಲದಿದ್ದದ್ದು. ಕದ್ದ ಒಂದು ಪಾಸ್‌ವರ್ಡ್ ಸಾಕಾಯಿತು. ಉದ್ಯೋಗಿಯ ಸ್ಕ್ರೀನ್‌ಶಾಟ್ ತೆಗೆಯುವ ಯಾವ ಸಾಫ್ಟ್‌ವೇರೂ ಆ ಬಾಗಿಲನ್ನು ಮುಚ್ಚುತ್ತಿರಲಿಲ್ಲ.

ಎರಡನೆಯದು ಇಪ್ಪತ್ತು ವರ್ಷಕ್ಕೂ ಹಳೆಯದು. 2003ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಯುಸಿಎಸ್‌ಎಫ್ ಆಸ್ಪತ್ರೆಗೆ ಪಾಕಿಸ್ತಾನದ ಕರಾಚಿಯಿಂದ ಒಂದು ಇ-ಮೇಲ್ ಬಂತು. ವೈದ್ಯರ ಧ್ವನಿಮುದ್ರಿಕೆಗಳನ್ನು ಬರಹಕ್ಕಿಳಿಸುತ್ತಿದ್ದ ಮಹಿಳೆಯೊಬ್ಬರು ತಮಗೆ ಬರಬೇಕಾದ ಹಣ ಬಾರದಿದ್ದರೆ ರೋಗಿಗಳ ದಾಖಲೆಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುವುದಾಗಿ ಬೆದರಿಸಿದ್ದರು. ಆಸ್ಪತ್ರೆಯ ಕೆಲಸವನ್ನು ಆ ಮಹಿಳೆ ಮಾಡುತ್ತಿದ್ದಾರೆ ಎಂಬುದು ಆಸ್ಪತ್ರೆಗೇ ಗೊತ್ತಿರಲಿಲ್ಲ. ಆಸ್ಪತ್ರೆ ಒಂದು ಸ್ಥಳೀಯ ಕಂಪನಿಗೆ, ಆ ಕಂಪನಿ ಫ್ಲಾರಿಡಾದವರೊಬ್ಬರಿಗೆ, ಅವರು ಟೆಕ್ಸಸ್‌ನವರೊಬ್ಬರಿಗೆ, ಅವರು ಕರಾಚಿಗೆ ಹೀಗೆ ಕೆಲಸ ಕೈ ಬದಲಿಸಿತ್ತು. ಪ್ರತಿ ಕೈಯಲ್ಲೂ ಕೂಲಿ ಸವೆಯುತ್ತ ಬಂದು ಕೊನೆಯಲ್ಲಿದ್ದವರಿಗೆ ಬರಬೇಕಾದದ್ದೂ ಬಾರದಾಯಿತು. ಬಾಕಿಯ ಒಂದಿಷ್ಟು ಸಂದ ಮೇಲೆ ಆಕೆ ಬೆದರಿಕೆ ಹಿಂತೆಗೆದುಕೊಂಡರು. ಬೆದರಿಕೆ ತಪ್ಪು, ಆ ರೋಗಿಗಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಇದರಿಂದ ಕಲಿಯಬೇಕಾದ ಪಾಠ ಮೇಲಿದ್ದವರಿಗೇ ಇದೆ. ತನ್ನ ಕೆಲಸ ಯಾರ ಕೈಯಲ್ಲಿದೆ, ಅವರಿಗೆ ಸಂಬಳ ಸಲ್ಲುತ್ತಿದೆಯೇ ಎಂದು ತಿಳಿಯದ ಕ್ಲಿನಿಕ್ಕು ರೋಗಿಗಳ ಗುಟ್ಟನ್ನು ಕಾಪಾಡುತ್ತಿದ್ದೇನೆ ಎಂದು ಹೇಳಲಾರದು.

ಹಾಗಾದರೆ ಭದ್ರತೆಗೆ ಏನು ಮಾಡಬೇಕು? ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್, ಎರಡನೇ ಹಂತದ ದೃಢೀಕರಣ, ಮನೆಯ ಕಂಪ್ಯೂಟರಿನಲ್ಲಿ ಏನೂ ಉಳಿಯದಂಥ ವ್ಯವಸ್ಥೆ, ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ರದ್ದು. ಕೆಲಸಕ್ಕೆ ಬೇಕಾದಷ್ಟು ಮಾಹಿತಿ ಮಾತ್ರ ತೆರೆದುಕೊಳ್ಳಬೇಕು ಎಂಬುದು ಹಿಪಾದ ನಿಯಮವೇ. ಕ್ಲೈಮಿನ ಸ್ಥಿತಿ ವಿಚಾರಿಸುವವನಿಗೆ ರೋಗಿಯ ಪೂರ್ತಿ ವೈದ್ಯಕೀಯ ಇತಿಹಾಸ ಕಾಣಬೇಕಾಗಿಲ್ಲ. ಯಾರು ಯಾವ ದಾಖಲೆ ತೆರೆದರು ಎಂಬ ಲಾಗ್ ಇರಲೇಬೇಕು. ಇವು ಮಾಹಿತಿಯನ್ನು ಕಾಯುತ್ತವೆ. ಕೆಲಸಗಾರ್ತಿ ನೀರು ಕುಡಿಯಲು ಎದ್ದು ಹೋದ ನಾಲ್ಕು ನಿಮಿಷದ ಲೆಕ್ಕ ಯಾವ ಮಾಹಿತಿಯನ್ನೂ ಕಾಯುವುದಿಲ್ಲ.

ಕೆಲಸದ ಗುಣಮಟ್ಟಕ್ಕೆ ಬೇರೆ ಅಳತೆಗಳು ಬೇಕು. ಮೊದಲ ಸಲಕ್ಕೇ ತಿರಸ್ಕಾರವಿಲ್ಲದೆ ಪಾಸಾದ ಕ್ಲೈಮುಗಳ ಪ್ರಮಾಣ, ಹಣ ಕೈಗೆ ಬರಲು ಹಿಡಿಯುವ ದಿನಗಳು, ಒಂದೇ ಕಾರಣದ ಡಿನೈಯಲ್ ಮರುಕಳಿಸುವ ಪ್ರಮಾಣ ಇವೆಲ್ಲ ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವವೇ. ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು: ಕೋಡರ್ ಕೇಳಿದ ಪ್ರಶ್ನೆಗೆ ಕ್ಲಿನಿಕ್ ಎಷ್ಟು ದಿನದಲ್ಲಿ ಉತ್ತರ ಕೊಟ್ಟಿತು? ಬಿಲ್ಲಿಂಗ್ ಒಪ್ಪಂದಗಳಲ್ಲಿ ತಂಡ ಪಾಲಿಸಬೇಕಾದ ಗಡುವುಗಳು ಪುಟಗಟ್ಟಲೆ ಇರುತ್ತವೆ. ಕ್ಲಿನಿಕ್ಕಿನ ಗಡುವೂ ಅದರಲ್ಲಿ ಇರಲಿ, ಎರಡು ಕೆಲಸದ ದಿನ ಎಂದೇ ಇರಲಿ. ಮೆಡಿಕೇರ್‌ಗೆ ಕ್ಲೈಮ್ ಕಳಿಸಲು ಚಿಕಿತ್ಸೆಯ ದಿನದಿಂದ ಒಂದು ವರ್ಷದ ಅವಕಾಶ ಇದ್ದರೆ ಅನೇಕ ಖಾಸಗಿ ಕಂಪನಿಗಳು 90 ಅಥವಾ 180 ದಿನ ಮಾತ್ರ ಕೊಡುತ್ತವೆ. ಗಡುವು ಮೀರಿದರೆ ಸಿಓ-29; ಮಾಡಿದ ಚಿಕಿತ್ಸೆಯ ಹಣ ಹೋದಂತೆಯೇ. ಉತ್ತರವಿಲ್ಲದೆ ಕೊಳೆಯುವ ಪ್ರಶ್ನೆಗಳು ಆ ದಿನಗಳನ್ನೇ ತಿನ್ನುತ್ತವೆ.

ಇದಕ್ಕೆ ಹೊಂದಿಕೊಂಡದ್ದು ಹೊತ್ತಿನ ವಿಚಾರ. ಬೇಸಿಗೆಯಲ್ಲಿ ಓಹಾಯೊಗೂ ಬೆಂಗಳೂರಿಗೂ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಇಷ್ಟು ಅಂತರವಿದೆ ಎಂದು ಇಡೀ ತಂಡವನ್ನು ನೈಟ್ ಶಿಫ್ಟಿಗೆ ಹಾಕುವವರಿದ್ದಾರೆ. ಆದರೆ ಕೋಡಿಂಗ್, ಚಾರ್ಜ್ ಎಂಟ್ರಿ, ಪೇಮೆಂಟ್ ಪೋಸ್ಟಿಂಗ್ ಇವುಗಳಿಗೆ ಅಮೆರಿಕದಲ್ಲಿ ಯಾರೂ ಎಚ್ಚರವಾಗಿರಬೇಕಿಲ್ಲ. ಇಲ್ಲಿನ ಹಗಲಿನಲ್ಲೇ ಮಾಡಬಹುದು. ವಿಮಾ ಕಂಪನಿಗೆ ಫೋನು ಮಾಡುವವರಿಗೆ ಮಾತ್ರ ಅಲ್ಲಿನ ಕಚೇರಿ ಹೊತ್ತು ಬೇಕು. ಬೇಸಿಗೆಯಲ್ಲಿ ಅಲ್ಲಿನ ಬೆಳಗಿನ 8 ಗಂಟೆ ಎಂದರೆ ಇಲ್ಲಿನ ಸಂಜೆ 5.30. ಕೋಡರುಗಳು ಮಧ್ಯಾಹ್ನ ಶುರುಮಾಡಿ ರಾತ್ರಿ 9ಕ್ಕೆ ಮುಗಿಸಿದರೂ ಕ್ಲಿನಿಕ್ಕಿನೊಂದಿಗೆ ಮೂರು ಗಂಟೆಗೂ ಹೆಚ್ಚು ಸಮಯ ಸಿಗುತ್ತದೆ. ಆ ಹೊತ್ತಿನಲ್ಲಿ ಹದಿನೈದು ನಿಮಿಷ ಕ್ಲಿನಿಕ್ಕಿನ ಆಫೀಸ್ ಮ್ಯಾನೇಜರ್ ತಂಡದೊಂದಿಗೆ ಕೂತು ಹಿಂದಿನ ದಿನದ ಪ್ರಶ್ನೆಗಳನ್ನು ಇತ್ಯರ್ಥ ಮಾಡಿದರೆ ವಾರಗಟ್ಟಲೆಯ ಇ-ಮೇಲ್ ಓಡಾಟ ತಪ್ಪುತ್ತದೆ. ರಾತ್ರಿಪಾಳಿಯ ಕೆಲಸ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ವರ್ಗೀಕರಿಸಿ 2019ರಲ್ಲಿ ಅದನ್ನೇ ಮತ್ತೆ ದೃಢಪಡಿಸಿತು. ಜನರ ಆರೋಗ್ಯಕ್ಕಾಗಿ ಇರುವ ಕ್ಲಿನಿಕ್ಕೊಂದು ಅಗತ್ಯವಿಲ್ಲದೆಡೆಯೂ ತನ್ನ ಕೆಲಸಗಾರರ ನಿದ್ದೆ ಕಸಿಯುವುದು ನ್ಯಾಯವಲ್ಲ.

ಇನ್ನು ಕೆಲವರು, ಈ ಚರ್ಚೆಯೇ ಹಳತಾಯಿತು, ಇದೆಲ್ಲವನ್ನೂ ಇನ್ನು ಎಐ ಮಾಡುತ್ತದೆ ಎನ್ನುತ್ತಾರೆ. ಯಂತ್ರ ಮಾಡಬಲ್ಲದ್ದು ಬಹಳ ಇದೆ. ಜನ್ಮದಿನಾಂಕ ಬಿಟ್ಟುಹೋದ, ಕೋಡುಗಳು ಒಂದಕ್ಕೊಂದು ಹೊಂದದ ಕ್ಲೈಮುಗಳನ್ನು ಕಳಿಸುವ ಮೊದಲೇ ಹಿಡಿಯುವ ಸಾಫ್ಟ್‌ವೇರ್ ಬಹುಕಾಲದಿಂದ ಇದೆ. ಅದು ಇನ್ನಷ್ಟು ಜಾಣವಾಗುತ್ತದೆ. ಆದರೆ ಯಂತ್ರ ಸುಲಭದ್ದನ್ನೆಲ್ಲ ತೆಗೆದುಕೊಂಡ ಮೇಲೆ ಮನುಷ್ಯರ ಪಾಲಿಗೆ ಉಳಿಯುವುದು ಯಾವುದು? ವೈದ್ಯರು ಬರೆಯದೆ ಬಿಟ್ಟದ್ದನ್ನು ಕೇಳಿ ತಿಳಿಯುವುದು, ವಿಮಾ ಕಂಪನಿಯ ನಿರಾಕರಣೆ ನ್ಯಾಯವೇ ಎಂದು ತೂಗಿ ಮೇಲ್ಮನವಿ ಬರೆಯುವುದು, ಇದೇ ತಪ್ಪು ಯಾಕೆ ಮತ್ತೆ ಬರುತ್ತಿದೆ ಎಂದು ಪತ್ತೆ ಹಚ್ಚುವುದು. ಇವೆಲ್ಲ ಗಂಟೆಯ ಲೆಕ್ಕಕ್ಕೆ ಒಗ್ಗದ, ಪ್ರಶ್ನೆ ಕೇಳುವ ಧೈರ್ಯ ಬೇಡುವ ಕೆಲಸಗಳು. ಯಂತ್ರ ಬಂದಷ್ಟೂ ನನ್ನ ವಾದಕ್ಕೆ ಬಲ ಹೆಚ್ಚುತ್ತದೆ.

ವೆಚ್ಚದ ಮಾತನ್ನೂ ಎತ್ತುವವರಿದ್ದಾರೆ: ದೂರದ ತಂಡವನ್ನು ಹಿಡಿದದ್ದೇ ಅಗ್ಗ ಎಂದು, ಅದಕ್ಕೆ ವೈದ್ಯರ ಸಮಯವನ್ನೂ ಕೊಡಬೇಕೆಂದರೆ ಲಾಭವೇನು? ಲೆಕ್ಕ ಹಾಕಿ ನೋಡಲಿ. ಡಿನೈ ಆದ ಕ್ಲೈಮನ್ನು ಒಬ್ಬರು ತೆರೆಯಬೇಕು, ಇನ್ನೊಬ್ಬರು ಫೋನು ಹಿಡಿದು ಕಾಯಬೇಕು, ಮತ್ತೊಬ್ಬರು ತಿದ್ದಿ ಕಳಿಸಬೇಕು, ಹಣ ಬಂದ ಮೇಲೆ ಹಳೆಯ ಲೆಕ್ಕ ಸರಿಪಡಿಸಬೇಕು. ವೈದ್ಯರು ಒಂದು ಸಾಲು ಸ್ಪಷ್ಟವಾಗಿ ಬರೆದಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ತಪ್ಪು ಹುಟ್ಟಿದ ಜಾಗದಲ್ಲೇ ತಿದ್ದುವುದು ಎಲ್ಲಕ್ಕಿಂತ ಅಗ್ಗ.

ಅಮೆರಿಕದಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿರುವ ಕನ್ನಡದ ವೈದ್ಯರು ಅನೇಕರಿದ್ದಾರೆ. ಇಲ್ಲಿನ ಕಂಪನಿಗಳಲ್ಲಿ ಟೀಮ್ ಲೀಡ್, ಮ್ಯಾನೇಜರ್ ಆಗಿರುವವರೂ ಸಾಕಷ್ಟು ಇದ್ದಾರೆ. ಇಬ್ಬರಿಗೂ ನನ್ನ ಮನವಿ ಇಷ್ಟು. ವೈದ್ಯರೇ, ನಿಮ್ಮ ಬಿಲ್ಲಿಂಗ್ ಮಾಡುವವರ ಹೆಸರು ತಿಳಿದುಕೊಳ್ಳಿ, ಅವರ ಪ್ರಶ್ನೆಗಳಿಗೆ ಎರಡು ದಿನದೊಳಗೆ ಉತ್ತರ ಕೊಡಿ, ತಿಂಗಳಿಗೊಮ್ಮೆ ನಿಮ್ಮ ಡಿನೈಯಲ್‌ಗಳ ಮುಖ್ಯ ಐದು ಕಾರಣಗಳನ್ನು ಅವರ ಬಾಯಿಂದಲೇ ಕೇಳಿ. ಟೀಮ್ ಲೀಡುಗಳೇ, ತಿಳಿಯದ್ದನ್ನು ಊಹಿಸದೆ ಕೇಳಿದವರ ಬೆನ್ನಿಗೆ ನಿಲ್ಲಿ. ಅವರ ಎಣಿಕೆ ಆ ದಿನ ಕಡಿಮೆಯಾದರೆ ಆಗಲಿ. ಹೊಸ ಸಾಫ್ಟ್‌ವೇರ್ ಕೊಳ್ಳದೆ, ಹೊಸಬರನ್ನು ನೇಮಿಸದೆ ಈ ವಾರವೇ ಶುರುಮಾಡಬಹುದಾದ ಸುಧಾರಣೆ ಇದು.